ಹಾಲು ಮೂಡಲಿಗೆ ಉಕ್ಕಲಿ ಎಂದು

ಭೌತಶಾಸ್ತ್ರದ ಮೇಷ್ಟ್ರಿಗೆ ಒಂದು ಪಾತ್ರೆ ಹಾಲು ಯಾವ ಲೆಕ್ಕ! ಹೀಗೆಂದುಕೊಂಡೇ ನಾನು ಆ ಬೆಳಿಗ್ಗೆ ಒಲೆಯ ಮುಂದೆ ಕೂತೆ.

ನಮ್ಮೂರು ಕಾಮಯಗೌಂಡನ್‌ಪಟ್ಟಿಯ ಹೊರಗೆ, ದ್ರಾಕ್ಷಿ ತೋಟದ ಪಕ್ಕ ನಾವು ಕಟ್ಟಿಸಿದ ಮನೆಯಲ್ಲಿ ಅಂದು ಹಾಲು ಕಾಯಿಸುವ ಶಾಸ್ತ್ರ. ಹೊಸ ಮನೆಯ ನಡುವೆ ಮೂರು ಇಟ್ಟಿಗೆ ಇಟ್ಟು, ಸೌದೆ ಹೊತ್ತಿಸಿ, ಹಾಲು ಉಕ್ಕಿಸಬೇಕು. ಅದು ಮೂಡಲಿಗೆ ಚೆಲ್ಲಿದರೆ ಒಳ್ಳೆಯದು. ಬಡಗಲಾದರೂ ಸರಿ. ತೆಂಕಲು, ಪಡುವಲು ಅಂದರೆ ಮಾತ್ರ ಹೆಂಗಸರ ಮುಖ ಬಾಡುತ್ತದೆ. ನಾನು ಇದನ್ನೆಲ್ಲ ನಂಬುವುದಿಲ್ಲ. ನನ್ನ ಹೆಂಡತಿ ರಾಸಾತ್ತಿ ನಂಬುತ್ತಾಳೆ. ದಿಂಡಿಗಲ್ಲಿನ ಬಾಡಿಗೆ ಮನೆಯಲ್ಲಿ ಹಾಲು ತೆಂಕಲಿಗೆ ಚೆಲ್ಲಿತಂತೆ. ಅಲ್ಲಿದ್ದಷ್ಟು ಕಾಲವೂ ಅವಳಿಗೆ ನೆಟ್ಟಗೆ ನಿದ್ದೆ ಹತ್ತಲಿಲ್ಲ.

"ಇಲ್ಲೂ ಹಂಗೇ ಆದ್ರೆ ನಾ ಎಲ್ಲಿ ಹೋಗಿ ಮಲಗ್ಲಿ ಮಾವಾ?" ಎಂದು ಕೇಳಿದ್ದಳು. ಸ್ವಂತ ಅತ್ತೆಯ ಮಗಳು. ಮದುವೆಗೆ ಮುಂಚೆಯೂ ನನ್ನನ್ನು ಮಾವ ಎಂದೇ ಕರೆದವಳು. ಅವಳಿಗೆ ನಿದ್ದೆ ಬೇಕು, ನನ್ನ ಹತ್ತಿರ ವಿಜ್ಞಾನ ಇದೆ. ಎರಡನ್ನೂ ಸೇರಿಸಿದರಾಯಿತು!

ನಾದಿನಿಯ ಮಗಳು ಸೆಲ್ವಿ ಮದುರೆಯಲ್ಲಿ ಸಂಶೋಧನೆ ಮಾಡುತ್ತಾಳೆ. ಎರಡು ಹಲಗೆಗಳ ನಡುವೆ ತೆಳ್ಳಗೆ ದ್ರವ ತುಂಬಿ, ಕೆಳಗೆ ಬಿಸಿ, ಮೇಲೆ ತಂಪು ಮಾಡಿ, ಇಡೀ ಪೆಟ್ಟಿಗೆಯನ್ನು ಓರೆ ಮಾಡುವುದೇ ಅವಳ ಕೆಲಸ. ಸ್ವಲ್ಪ ಓರೆಯಾದರೆ, ಬಿಸಿಗೆ ಏರಿ ತಂಪಿಗೆ ಇಳಿಯುವ ದ್ರವದ ಸುರುಳಿಗಳು ಇಳಿಜಾರಿನ ಉದ್ದಕ್ಕೆ ಉಳುಮೆಯ ಸಾಲಿನಂತೆ ನಿಲ್ಲುತ್ತವೆ. ಇನ್ನಷ್ಟು ಓರೆ ಮಾಡಿದರೆ ಸಾಲುಗಳು ನುಲಿಯುತ್ತವೆ, ಮುರಿಯುತ್ತವೆ, ಅಡ್ಡ ತಿರುಗುತ್ತವೆ. ಅವಳು ಇದನ್ನೆಲ್ಲ ತೋರಿಸಿದಾಗ ನಾನು ಮೊದಲರ್ಧವನ್ನು ಮಾತ್ರ ತಲೆಗೆ ತೆಗೆದುಕೊಂಡೆ. ಓರೆ ಮಾಡಿದರೆ ದ್ರವಕ್ಕೆ ಶಿಸ್ತು ಬರುತ್ತದೆ!

ಎಲ್ಲರೂ ಹೂವು, ಬಾಳೆಎಲೆ ಎಂದು ಓಡಾಡುತ್ತಿದ್ದಾಗ ಪಡುವಲ ಇಟ್ಟಿಗೆಯ ಕೆಳಗೆ ಒಂದು ಟೈಲ್ಸ್ ಚೂರು ತುರುಕಿದೆ. ಪಾತ್ರೆ ಮೂಡಲಿಗೆ ಒಂದಿಷ್ಟು ವಾಲಿತು. ಯಾರೂ ನೋಡಲಿಲ್ಲ.

ರಾಸಾತ್ತಿ ಒಲೆ ಹೊತ್ತಿಸಿದಳು. ಫೋನಿನಲ್ಲಿ ವಿಡಿಯೋ ತೆಗೆಯುತ್ತಿದ್ದ ಸೆಲ್ವಿ ನನ್ನತ್ತ ಬಾಗಿ ಪಿಸುಗುಟ್ಟಿದಳು.

"ದೊಡ್ಡಪ್ಪಾ, ಪಾತ್ರೆ ಓರೆ ಇದೆ."

"ಬೇಕಂತಲೇ ಮಾಡಿದ್ದು. ನಿನ್ನದೇ ಪ್ರಯೋಗ!"

"ನನ್ನ ಪೆಟ್ಟಿಗೆ ಮೇಲೂ ಮುಚ್ಚಿರುತ್ತೆ. ಇಲ್ಲಿ ಪಾತ್ರೆ ಮಾತ್ರ ಓರೆ, ಹಾಲಿನ ಮೇಲ್ಮೈ ಮಟ್ಟವಾಗೇ ಇದೆ. ನೋಡಿ."

ನೋಡಿದೆ. ಹಾಲು ನನಗಿಂತ ನೆಟ್ಟಗಿತ್ತು.

ಅಷ್ಟೇ ಆಗಿದ್ದರೆ ಬಚಾವಾಗುತ್ತಿದ್ದೆ. ಎತ್ತರಿಸಿದ ಪಕ್ಕದಲ್ಲಿ ಸಂದು ಬಿದ್ದಿತ್ತು. ಉರಿಯೆಲ್ಲ ಆ ಸಂದಿನಿಂದ ಹೊರಬಂದು ಪಾತ್ರೆಯ ಪಡುವಲ ಮೈಯನ್ನೇ ನೆಕ್ಕುತ್ತಿತ್ತು. ಆ ಕಡೆ ಹಾಲಿನ ಆಳವೂ ಕಡಿಮೆ. ನೊರೆ ಎದ್ದದ್ದು ಅಲ್ಲಿಂದಲೇ. ನೊರೆಗೆ ನನ್ನ ಇಳಿಜಾರಿನ ಹಂಗಿಲ್ಲ. ಅದು ನಿಶ್ಚಿಂತೆಯಿಂದ ಪಡುವಲ ಅಂಚನ್ನು ಹತ್ತತೊಡಗಿತು.

"ಪಡುವಲಿಗೆ ಬರ್ತಾ ಐತೆ!" ರಾಸಾತ್ತಿಯ ದನಿ ಒಡೆಯಿತು.

ಗೌರವಾನ್ವಿತ ಓದುಗರೇ, ಇಂಥ ಘಳಿಗೆಯಲ್ಲಿ ತಜ್ಞನಾದವನು ಸುಮ್ಮನಿರಬೇಕು. ನಾನು ಮೂಡಲ ಕಡೆ ಇನ್ನೊಂದು ಸೌದೆ ತಳ್ಳಿದೆ. ಹೊಗೆ ತುಂಬಿತು. ಪಡುವಲಿಂದ ಬಗ್ಗಿ ಊದಿದೆ. ಬೂದಿ ಹಾಲಿಗೆ ಹಾರಿತು. ಕೊನೆಗೆ ಕಾಲು ಚಾಚಿ ಟೈಲ್ಸ್ ಚೂರನ್ನು ಒದ್ದೆ. ಪಾತ್ರೆ ಧಡ್ಡನೆ ಇಳಿದು ಕುಣಿಯಿತು. ಹಾಲು ಉಕ್ಕಿತು, ಚೆಲ್ಲಿತು, ಒಲೆಯನ್ನೇ ಆರಿಸಿತು!

ಎತ್ತ ಚೆಲ್ಲಿತು? ಇಲ್ಲಿಂದ ಮುಂದೆ ನನ್ನ ನೆನಪನ್ನು ನಂಬಬೇಡಿ. ಈ ಕಥೆ ಹೇಳುವಾಗ ಒಮ್ಮೊಮ್ಮೆ ಹಾಲು ಬಡಗಲಿಗೆ ಹೋಗುತ್ತದೆ. ಕೇಳುವವರು ನಗದಿದ್ದರೆ ನನ್ನ ಪಂಚೆಯ ಮೇಲೆ ಬೀಳುತ್ತದೆ. ಬಿಸಿಯಿರುವ ತನಕ ನೆನಪೂ ಒಂದು ಕಡೆ ನಿಲ್ಲುವುದಿಲ್ಲ.

"ಏನ್ ಮಾಪ್ಳೆ," ಎಂದಳು ರಾಸಾತ್ತಿಯ ತಾಯಿ, ನನ್ನ ಅತ್ತೆ, "ಅಷ್ಟ್ ಮಕ್ಕಳ್ಗೆ ಪಾಠ ಹೇಳ್ತೀಯ, ಒಂದ್ ಪಾತ್ರೆ ಹಾಲು ಉಕ್ಸಾಕೆ ಬರ್ಲಿಲ್ವಾ?" ಅಳಿಯನನ್ನು ಮಾಪ್ಳೆ ಎನ್ನುವಾಗ ಅವಳ ದನಿಯಲ್ಲಿ ಸದಾ ಮರ್ಯಾದೆ ಇರುತ್ತದೆ. ಅಂದು ಇರಲಿಲ್ಲ.

"ಎತ್ತ ಚೆಲ್ಲಿತು ಅಂತ ಜಗಳ ಯಾಕೆ? ವಿಡಿಯೋ ಇದೆಯಲ್ಲ," ಎಂದೆ ನಾನು. "ನೋಡೋಣ. ಕಾರಣ ಸಮೇತ ವಿವರಿಸ್ತೀನಿ."

"ಬ್ಯಾಡ." ರಾಸಾತ್ತಿ ಒದ್ದೆ ನೆಲವನ್ನೇ ನೋಡುತ್ತಿದ್ದಳು. "ಮೂಡಲಿಗೇ ಹೋಯ್ತು. ನಾ ಕಂಡೆ. ಯಾಕೆ ಹೋಯ್ತು ಅನ್ನೋದ್ನ ನೀ ಹೇಳ್ಕೊ ಮಾವಾ. ಎತ್ತ ಹೋಯ್ತು ಅನ್ನೋದ್ನ ನಾ ಹೇಳ್ತೀನಿ. ಈ ಮನೇಲಿ ಮಲಗಬೇಕಾದೋಳು ನಾನು."

ಅತ್ತೆ ತನ್ನ ಮಗಳ ಮುಖ ನೋಡಿದಳು. ಆಮೇಲೆ ಪಡುವಲ ಗೋಡೆಯತ್ತ ನೋಡಿದಳು. ಮೆಲ್ಲಗೆ ಅಲ್ಲಿಗೆ ಹೋಗಿ, ಒದ್ದೆಯ ಮೇಲೆ ಚಾಪೆ ಎಳೆದು, ಅದರ ಮೇಲೆ ಕೂತಳು.

"ಮೂಡಲಿಗೇ," ಎಂದಳು.

ಊಟವಾದ ಮೇಲೆ ರಾಸಾತ್ತಿ ಬರಿಯ ನೆಲದ ಮೇಲೆ ಸೆರಗು ಹಾಸಿ ಒರಗಿದಳು. ನೆಂಟರು ಬಂದರು, ಹೋದರು, ಪಾತ್ರೆಗಳು ಸದ್ದು ಮಾಡಿದವು. ಅವಳು ಏಳಲಿಲ್ಲ. ಗೊರಕೆ ಬೇರೆ!

ನನಗೆ ತಡೆಯಲಾಗಲಿಲ್ಲ. ಜಗಲಿಯಲ್ಲಿ ಸೆಲ್ವಿಯ ಫೋನು ಇಸಿದುಕೊಂಡು, ನಿಲ್ಲಿಸಿ ನಿಲ್ಲಿಸಿ ನೋಡಿದೆ. ಹೊಗೆ. ಬರೀ ಹೊಗೆ. ಹಾಲು ಎತ್ತ ಹೋಯಿತೆಂದು ದೇವರಾಣೆಗೂ ಕಾಣುವುದಿಲ್ಲ. ಸ್ಪಷ್ಟವಾಗಿ ಕಾಣುವುದು ಒಂದೇ: ಹೊಗೆಯ ಅಡಿಯಿಂದ ಒಲೆಯತ್ತ ಮೆಲ್ಲಮೆಲ್ಲಗೆ ತೆವಳುವ ನನ್ನ ಎಡಗಾಲು!

"ದೊಡ್ಡಪ್ಪಾ, ಇದನ್ನ ನಮ್ಮ ಪ್ರಯೋಗಶಾಲೆಯಲ್ಲಿ ತೋರಿಸಲಾ?"

"ಏನಂತ ತೋರಿಸ್ತೀಯ?"

"ಹೊರಗಿನ ಅಡಚಣೆ ಅಂತ."

ಒಳಗಿನಿಂದ ಗೊರಕೆ ಹದವಾಗಿ ಕೇಳಿಬರುತ್ತಿತ್ತು. ನಾನು ಎಡಗಾಲನ್ನು ಪಂಚೆಯೊಳಗೆ ಎಳೆದುಕೊಂಡೆ.