ರೋಮನ್ನರ ಕಾಲುವೆಯೂ ನಮ್ಮ ಮನೆಯ ಸೌಡಿಯೂ

ಪ್ರವಾಸ ಹೊರಟ ಕೂಡಲೇ ಮನುಷ್ಯರಿಗೆ ಸುಳ್ಳು ಹೇಳುವ ಧೈರ್ಯ ಬರುತ್ತದೆ ಎಂದು ಕಾಣುತ್ತದೆ. ಊರಿನಲ್ಲಾದರೆ ಎಲ್ಲರಿಗೂ ನಮ್ಮ ಜಾತಕ ಗೊತ್ತಿರುತ್ತದೆ. ಊರಾಚೆ ಕೇಳುವವರು ಯಾರು? ನಾನು ಹುಣಸೂರಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಮಾಡಿದವಳು, ಸುಳ್ಳು ಹೇಳಿ ಸಿಕ್ಕಿಬಿದ್ದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವಳು. ಅಂಥ ನಾನು ನಿವೃತ್ತಿಯಾದ ವರ್ಷ ಗಂಡನನ್ನು ಕರೆದುಕೊಂಡು ಟರ್ಕಿ ನೋಡಲು ಹೊರಟೆ. ವಿಮಾನ ಹತ್ತುವುದಕ್ಕೂ ಮೊದಲೇ, ನಿಲ್ದಾಣದ ಕುರ್ಚಿಯಲ್ಲಿ ಕೂತು, ಒಂದು ಸುಳ್ಳು ಹೇಳಿಬಿಟ್ಟೆ.

ನಮ್ಮ ತಂಡದಲ್ಲಿದ್ದ ಇಪ್ಪತ್ತು ಮಂದಿಯೂ ಮೈಸೂರಿನ ಕಡೆಯವರೇ. ಪರಿಚಯ ಮಾಡಿಕೊಳ್ಳುತ್ತಾ ಹೋದಂತೆ ಒಬ್ಬರು ಡಾಕ್ಟರು, ಒಬ್ಬರು ಪ್ರೊಫೆಸರು, ಇನ್ನೊಬ್ಬರು ಬ್ಯಾಂಕ್ ಮ್ಯಾನೇಜರು. ನನ್ನ ಸರದಿ ಬಂದಾಗ ಯಜಮಾನರು ಕಾಫಿ ಹುಡುಕಿಕೊಂಡು ಹೋಗಿದ್ದರು. ‘ನಮ್ಮವರು ನೀರಾವರಿಯಲ್ಲಿ ಇಂಜಿನಿಯರ್ ಆಗಿದ್ದರು’ ಎಂದೆ. ನೀರಾವರಿ ನಿಜ. ಇಂಜಿನಿಯರ್ ಎಂಬುದು ಮಾತ್ರ ನಾನು ಅಲ್ಲೇ ಕೊಟ್ಟ ಬಡ್ತಿ. ಅವರು ಸೌಡಿ. ಎಂದರೆ ನಾಲೆಯ ತೂಬು ತೆಗೆದು, ಮುಚ್ಚಿ, ಯಾರ ಗದ್ದೆಗೆ ಯಾವತ್ತು ನೀರು ಎಂದು ನೋಡಿಕೊಳ್ಳುವವರು. ಕಂಪಲಾಪುರದ ಆಸುಪಾಸಿನ ಗದ್ದೆ ಬದುಗಳಲ್ಲೇ ಅವರ ಆಯಸ್ಸು ಕಳೆದಿದೆ. ಮದುವೆಯಾದ ಹೊಸದರಲ್ಲಿ ಒಂದು ಸಲ ಮೊಣಕಾಲಿನ ತನಕ ಕೆಸರು ಮೆತ್ತಿಕೊಂಡೇ ನಮ್ಮ ಶಾಲೆಯ ಬಾಗಿಲಿಗೆ ಬಂದಿದ್ದರು. ಯಾರೆಂದು ಕೇಳಿದ ಸಹೋದ್ಯೋಗಿಗೆ ನನ್ನ ಗಂಡ ಎಂದು ಹೇಳದೆ, ಮಾತು ಮರೆಸಿ ಕ್ಲಾಸಿಗೆ ನಡೆದಿದ್ದೆ. ಅದನ್ನು ನೆನೆದರೆ ಈಗಲೂ ಮೈ ಮುದುಡುತ್ತದೆ, ಆದರೂ ಬುದ್ಧಿ ಬಂದಿರಲಿಲ್ಲ ನೋಡಿ.

ವಿಮಾನದಲ್ಲಿ ಮೆಲ್ಲಗೆ ವಿಷಯ ತಿಳಿಸಿದೆ. ಅವರು ಸಿಟ್ಟಾಗಲಿಲ್ಲ. “ಆಯ್ತು ಬುಡು, ನಾನು ಬಾಯೇ ಬಿಡಾಕಿಲ್ಲ” ಎಂದರು. ಹೇಳಿದಂತೆಯೇ ಐದು ದಿನ ತುಟಿ ಪಿಟಕ್ಕೆನ್ನಲಿಲ್ಲ. ಅದರಿಂದ ಆದದ್ದೇ ಬೇರೆ. ಇಷ್ಟು ಕಡಿಮೆ ಮಾತಾಡುವವರು ಭಾರೀ ಇಂಜಿನಿಯರೇ ಇರಬೇಕು ಎಂದು ತಂಡದವರೆಲ್ಲ ಅವರಿಗೆ ಬಸ್ಸಿನಲ್ಲಿ ದಾರಿ ಬಿಡತೊಡಗಿದರು. ಇದ್ದ ಭಯ ಒಂದೇ, ಚಂದ್ರಶೇಖರಯ್ಯನವರು. ಅವರು ನಿಜವಾಗಿಯೂ ನಿವೃತ್ತ ಇಂಜಿನಿಯರು, ಸೇತುವೆ ಕಟ್ಟಿಸಿದವರು. ದಿನಾ ಬೆಳಗಿನ ತಿಂಡಿಗೆ ನಮ್ಮ ಮೇಜಿಗೇ ಬಂದು ‘ನಿಮ್ಮದು ಯಾವ ಬ್ಯಾಚು?’ ಎಂದು ಶುರು ಮಾಡುವರು. ನಾನು ನಡುವೆ ನುಗ್ಗಿ ಆಲಿವ್ ಕಾಯಿಯ ತಟ್ಟೆ ಮುಂದೆ ತಳ್ಳುವೆ. ಐದು ದಿನದಲ್ಲಿ ಆ ಮನುಷ್ಯ ತಿಂದ ಆಲಿವ್ ಕಾಯಿಗೆ ಲೆಕ್ಕವಿಲ್ಲ.

ಆರನೆಯ ದಿನ ಒಂದು ಊರಿನ ಹೊರಗಿನ ಕಣಿವೆಗೆ ಹೋದೆವು. ಕೆಳಗೆ ಸಣ್ಣ ನದಿ, ದಂಡೆಯುದ್ದಕ್ಕೂ ಹುಲ್ಲು ಬೆಳೆಸಿದ ಉದ್ಯಾನ, ಅದರ ನಡುವೆ ಕಣಿವೆ ದಾಟಿಸಿ ನೀರು ಒಯ್ಯಲು ರೋಮನ್ನರು ಕಟ್ಟಿದ ಮೇಲ್ಗಾಲುವೆಯ ಏಳೆಂಟು ಕಮಾನುಗಳು. ಎರಡು ತುದಿಯೂ ಮುರಿದುಹೋಗಿತ್ತು. ಅರಮನೆ, ಮಸೀದಿ, ಸಂತೆಬೀದಿ ಯಾವುದರಲ್ಲೂ ಆಕಳಿಸುತ್ತಿದ್ದ ಯಜಮಾನರು ಇಲ್ಲಿ ಬಸ್ಸಿನಿಂದ ಎಲ್ಲರಿಗಿಂತ ಮೊದಲು ಇಳಿದರು. ನಮ್ಮ ಗೈಡ್ ಆ ದೇಶದ ಹುಡುಗಿ, ಬುದ್ಧಿವಂತೆ. ನೀರು ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತಿತ್ತು, ಹೇಳಿ ನೋಡೋಣ ಎಂದಳು. ಎರಡೂ ಕಡೆ ಗುಡ್ಡವಿದ್ದುದರಿಂದ ನಾವೆಲ್ಲ ಕತ್ತು ತಿರುಗಿಸಿದ್ದೇ ಬಂತು. ಚಂದ್ರಶೇಖರಯ್ಯನವರು ಎಡಗಡೆಯ ಗುಡ್ಡ ಎತ್ತರ, ಆದ್ದರಿಂದ ಅಲ್ಲಿಂದ ಬಲಕ್ಕೆ ಎಂದು ತೀರ್ಪು ಕೊಟ್ಟರು. ಇನ್ನೊಬ್ಬ ಇಂಜಿನಿಯರ್ ಏನನ್ನುತ್ತಾರೆ ಎಂದು ಎಲ್ಲರೂ ಇತ್ತ ತಿರುಗಿದರು. ನಾನು ಗಾಬರಿಯಿಂದ ಪಕ್ಕಕ್ಕೆ ನೋಡಿದೆ.

ಯಜಮಾನರು ಅಲ್ಲಿರಲೇ ಇಲ್ಲ. ಕಮಾನುಗಳ ಮುರಿದ ತುದಿಯ ಬಳಿ, ದಿಬ್ಬದ ಮೇಲೆ ಕಾಲುವೆಯ ಗಾರೆಯೊಳಗೆ ಹೂತುಕೊಂಡಿದ್ದ ಮಣ್ಣಿನ ಕೊಳವೆಗಳ ಮುಂದೆ ಮಂಡಿಯೂರಿ ಕೂತಿದ್ದರು. ನಾನು ಓಡಿಹೋಗಿ ಅವರ ಸ್ವೆಟರನ್ನು ಹಿಂದಿನಿಂದ ಹಿಡಿದು ಎಳೆದೆ. ಎಳೆದಷ್ಟೂ ಸ್ವೆಟರು ಹಿಗ್ಗಿತೇ ಹೊರತು ಮನುಷ್ಯ ಜಗ್ಗಲಿಲ್ಲ.

“ಬಲಗಡಿಂದ ಎಡಕ್ಕೆ ಸಾರ್” ಎಂದರು, ಕೂತಲ್ಲಿಂದಲೇ. “ಈ ಕೊಳವೆ ನೋಡಿ. ಒಂದರ ಸಣ್ಣ ಬಾಯಿ ಇನ್ನೊಂದರ ದೊಡ್ಡ ಬಾಯೊಳೀಕೆ ಓಗ್ಯದೆ. ನೀರು ಓಗೋ ದಿಕ್ಕಿಗೇ ಸಣ್ಣ ಬಾಯಿ ಮಡಗ್ಬೇಕು. ತಿರುಗ್ಸಿ ಮಡಗುದ್ರೆ ಸಂದೀಲೆಲ್ಲ ಸೋರೋಯ್ತದೆ. ಗುಡ್ಡ ನೋಡಿದ್ರೆ ಗೊತ್ತಾಗಾಕಿಲ್ಲ ಸಾರ್.”

ಪ್ರವಾಸದ ಕಂಪನಿಯವರು ನಮ್ಮ ಜೊತೆ ಕಳಿಸಿದ್ದ ಹುಡುಗ ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದ. ಗೈಡ್ ಹುಡುಗಿ ಕೈಯಲ್ಲಿದ್ದ ಛತ್ರಿಯನ್ನು ಕೆಳಗಿಟ್ಟು ಚಪ್ಪಾಳೆ ತಟ್ಟಿದಳು. ಉತ್ತರ ಸರಿ ಎಂದಳು, ಇಷ್ಟು ವರ್ಷದಲ್ಲಿ ಕೊಳವೆಯನ್ನು ನೋಡಿ ಹೇಳಿದವರು ಇವರೇ ಮೊದಲು ಎಂದಳು. ಚಂದ್ರಶೇಖರಯ್ಯನವರೂ ಮಂಡಿಯೂರಿ, ಕೊಳವೆಯ ಸಂದಿಗೆ ಬೆರಳು ಹಾಕಿ ನೋಡಿ, ತಲೆದೂಗಿದರು. ಆಮೇಲೆ ಅದೇ ಪ್ರಶ್ನೆ ಕೇಳಿದರು. ಆಲಿವ್ ಕಾಯಿ ನನ್ನ ಕೈಗೆಟುಕುವ ಹಾಗಿರಲಿಲ್ಲ.

“ಬ್ಯಾಚು ಗೀಚು ಇಲ್ಲ ಸಾರ್. ನಾನು ಸೌಡಿ” ಎಂದರು ಯಜಮಾನರು.

ತಂಡದವರೆಲ್ಲರ ಕಣ್ಣು ನನ್ನ ಮೇಲೆ ಬಿತ್ತು. ಬೆಂಚಿನ ಮೇಲೆ ನಿಂತ ಮಕ್ಕಳಿಗೆ ಏನನ್ನಿಸುತ್ತಿತ್ತು ಎಂಬುದು ಮೂವತ್ತು ವರ್ಷ ತಡವಾಗಿ ನನಗೆ ತಿಳಿಯಿತು. ಯಜಮಾನರು ಮಂಡಿಯ ಮಣ್ಣು ಕೊಡವಿಕೊಂಡು ಎದ್ದು ನನ್ನ ಪಕ್ಕಕ್ಕೆ ಬಂದು ನಿಂತರು.

“ಅವ್ಳೇನು ಸುಳ್ಳೇಳಿಲ್ಲ ಸಾರ್. ಇಂಜಿನಿಯರ್ ಸಾಹೇಬ್ರು ನಾಲೆ ಮ್ಯಾಲೆ ಬರ್ತಿದ್ದದ್ದು ತಿಂಗಳಿಗೊಂದ್ಸಲ. ಮಿಕ್ಕಿದ್ ದಿನ ಎಲ್ಲ ನಾನೇ ಇಂಜಿನಿಯರ್ ಕಣ್ರೀ.”

ಮೊದಲು ನಕ್ಕವರು ಚಂದ್ರಶೇಖರಯ್ಯನವರೇ. ತಮ್ಮ ಸೇತುವೆಗಳೂ ನಿಂತಿರುವುದು ಮೇಸ್ತ್ರಿಗಳ ಕೈಗುಣದಿಂದಲೇ ಎಂದು ಒಪ್ಪಿಕೊಂಡು, ಯಜಮಾನರ ಹೆಗಲ ಮೇಲೆ ಕೈ ಹಾಕಿ ಕಮಾನುಗಳ ಕಡೆ ನಡೆದರು. ಹಿಂದೆ ಡಾಕ್ಟರು, ಪ್ರೊಫೆಸರು, ಬ್ಯಾಂಕ್ ಮ್ಯಾನೇಜರು ಎಲ್ಲರೂ ಮೆರವಣಿಗೆ ಹೊರಟರು. ಕೆಳಗೇ ನದಿಯಿರುವಾಗ ನೀರು ಆಕಾಶದಲ್ಲಿ ಯಾಕೆ ಹೋಗಬೇಕಿತ್ತು, ಹೂಳು ತೆಗೆಯುತ್ತಿದ್ದುದು ಹೇಗೆ, ಎಂದು ಒಬ್ಬರಾದ ಮೇಲೊಬ್ಬರು ಕೇಳುವರು. ಐದು ದಿನದ ಮಾತನ್ನೆಲ್ಲ ಯಜಮಾನರು ಆ ಒಂದು ಗಂಟೆಯಲ್ಲಿ ಆಡಿ ಮುಗಿಸಿದರು. ಗೈಡ್ ಹುಡುಗಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಕೆಸರು ಕಾಲಿನ ಆ ಮನುಷ್ಯ ಈಗ ಶಾಲೆಯ ಬಾಗಿಲಿಗೆ ಬಂದಿದ್ದರೆ ಕ್ಲಾಸಿಗೆ ಕ್ಲಾಸನ್ನೇ ಎಬ್ಬಿಸಿ ತೋರಿಸುತ್ತಿದ್ದೆ. ನನಗೆ ಅಳು ಬಂತು, ಹೆಮ್ಮೆಗೆ ಬಂದ ಅಳು. ಅಲ್ಲೇ ಹುಲ್ಲಿನ ಮೇಲೆ ಕೂತು ಕಣ್ಣೊರೆಸಿಕೊಂಡೆ.

ಊರಿಗೆ ಬಂದ ಮೇಲೆ ಈ ಕಥೆ ಕೇಳದ ಮನೆ ನಮ್ಮ ಬೀದಿಯಲ್ಲಿ ಉಳಿದಿಲ್ಲ. ಬಂದವರಿಗೆಲ್ಲ ಸೌಡಿ ಎಂದರೆ ಏನು ಎಂಬುದರಿಂದ ಹಿಡಿದು ಕೈಯಾಡಿಸಿಕೊಂಡು ಹೇಳುತ್ತೇನೆ. ಒಂದೇ ಒಂದು ಜಾಗ ಮಾತ್ರ ಸ್ವಲ್ಪ ತಿದ್ದಿದ್ದೇನೆ. ಅವರು ಹಿಂಜರಿಯುತ್ತಿದ್ದರು, ನಾನೇ ಬೆನ್ನಿನ ಮೇಲೆ ಕೈಯಿಟ್ಟು ‘ಹೋಗಿ ಹೇಳಿ’ ಎಂದು ಮುಂದಕ್ಕೆ ತಳ್ಳಿದೆ ಎನ್ನುತ್ತೇನೆ. ಕೇಳಿದವರು ಅನುಮಾನದಿಂದ ಯಜಮಾನರತ್ತ ನೋಡುತ್ತಾರೆ. ಅವರು ಹಿಗ್ಗಿಹೋದ ಆ ಸ್ವೆಟರನ್ನೇ ತೊಟ್ಟು ಮೂಲೆಯಲ್ಲಿ ಟೀ ಕುಡಿಯುತ್ತಿರುತ್ತಾರೆ.

“ಊ ಕಣ್ರೀ” ಎನ್ನುತ್ತಾರೆ. “ಜೋರಾಗೇ ತಳ್ಳುದ್ಲು.”