ಸೀನು ಬರಿಸದ ನಾಯಿ

ಮೂವತ್ತು ವರ್ಷ ದನದ ಡಾಕ್ಟರಾಗಿದ್ದವನು ನಾನು. ಊರವರ ಮನೆಯ ಪ್ರಾಣಿಗಳ ವಿಷಯದಲ್ಲಿ ನಾನು ಹೇಳಿದ್ದೇ ವೇದವಾಕ್ಯ. ನನ್ನ ಮನೆಯಲ್ಲಿ ಮಾತ್ರ ನನ್ನ ವಿದ್ಯೆ ಒಂದು ದಿನವೂ ನಡೆದದ್ದಿಲ್ಲ. ಎಪ್ಪತ್ತರ ದಶಕದಲ್ಲಿ ಮದ್ದೂರಿನಲ್ಲಿದ್ದಾಗ ಒಂದೇ ಒಂದು ನಾಯಿ ಆರಿಸಲು ಹೊರಟು ನಾನು ಪಟ್ಟ ಪಾಡು ಕೇಳಿದರೆ ನಿಮಗೇ ಗೊತ್ತಾಗುತ್ತದೆ.

ಹಂಡೆ ಹೋಯಿತು, ನಾಯಿ ಬಂತು

ನಮ್ಮ ಕ್ವಾರ್ಟರ್ಸು ಊರ ಕೊನೆಯಲ್ಲಿತ್ತು. ಹಿಂದೆಲ್ಲ ಕಬ್ಬಿನ ಗದ್ದೆ. ನಾನು ಬೆಳಿಗ್ಗೆ ಹಳ್ಳಿಗಳ ಕಡೆ ಹೊರಟರೆ ಮನೆ ಸೇರುವುದು ಸಂಜೆಗೆ. ಒಂದು ಮಧ್ಯಾಹ್ನ ನನ್ನ ಹೆಂಡತಿ ಒಳಗೆ ಅಕ್ಕಿ ಆರಿಸುತ್ತಿದ್ದ ಹಾಗೆಯೇ ಯಾರೋ ಹಿತ್ತಲಿನಲ್ಲಿದ್ದ ತಾಮ್ರದ ಹಂಡೆ ಎತ್ತಿಕೊಂಡು ಹೋದರು. ತವರಿನಿಂದ ಬಂದ ಹಂಡೆ. ಎರಡು ದಿನ ಅವಳು ಹಿತ್ತಲ ಬಾಗಿಲಿಗೆ ಚಿಲಕ ಹಾಕಿಕೊಂಡೇ ಇದ್ದಳು. ಮೂರನೆಯ ದಿನ, "ಒಬ್ಬಳೇ ಇರೋಕೆ ಭಯ ಆಗುತ್ತೆ ಕಣ್ರೀ. ಒಂದು ನಾಯಿ ತನ್ನಿ" ಎಂದಳು.

"ಇದೊಂದು ನನಗೆ ಬಿಡು" ಎಂದೆ. ಮಳವಳ್ಳಿಯ ಹೈಸ್ಕೂಲು ಮೇಷ್ಟ್ರೊಬ್ಬರ ಮನೆಯಲ್ಲಿ ಎರಡು ಬಿಳಿ ಪಾಮೇರಿಯನ್ ಇದ್ದವು. ಒಂದನ್ನು ಸಂತೋಷವಾಗಿ ಕೊಟ್ಟರು. ಹತ್ತಿಯ ಉಂಡೆಯಂಥ ನಾಯಿ, ಎಲೆ ಅಲುಗಿದರೂ ಬೊಗಳುತ್ತಿತ್ತು. ಹೆಂಡತಿ ಅದನ್ನು ಮಡಿಲಿನಿಂದ ಇಳಿಸಲೇ ಇಲ್ಲ.

ನಾಲ್ಕನೆಯ ದಿನಕ್ಕೆ ಅವಳ ಕಣ್ಣು ಊದಿಕೊಂಡವು. ಸೀನು ಶುರುವಾದರೆ ನಿಲ್ಲುವುದೇ ಇಲ್ಲ, ಎದೆಯಲ್ಲಿ ಗೊರಗೊರ. ಗಾಬರಿಯಾಗಿ ಮಂಡ್ಯದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಎದೆಗೆ ಕೊಳವೆ ಇಟ್ಟು ನೋಡಿ, "ಇದು ಅಲರ್ಜಿ. ಮನೆಯೊಳಗೆ ಪ್ರಾಣಿ ಏನಾದರೂ ಇದೆಯೇನಮ್ಮ?" ಎಂದರು.

ಅವಳು ನನ್ನತ್ತ ಒಮ್ಮೆ ನೋಡಿ, "ಇವರು ಹದಿನಾಲ್ಕು ವರ್ಷದಿಂದ ಇದ್ದಾರೆ. ನಾಯಿ ಬಂದು ನಾಲ್ಕೇ ದಿನ" ಎಂದಳು.

ಮುಡಿ

ಡಾಕ್ಟರ ಮಾತನ್ನು ನಾನು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ನಾನೂ ಡಾಕ್ಟರೇ ತಾನೆ? ನಾಯಿಯ ಕೂದಲಿನಿಂದ ಸೀನು, ಕೂದಲು ಹೋದರೆ ಸೀನೂ ಹೋಗುತ್ತದೆ ಎಂದು ಲೆಕ್ಕ ಹಾಕಿದೆ. ನಾಯಿಯನ್ನು ಎತ್ತಿಕೊಂಡು ಪೇಟೆಯ ಕ್ಷೌರದ ಅಂಗಡಿಗೆ ಹೋದೆ.

ಅಂಗಡಿಯವನು ಬಿಳಿ ಬಟ್ಟೆ ಒದರಿ ನಾಯಿಯ ಕತ್ತಿಗೆ ಸುತ್ತಿದ. ಯಾವ ಆಶ್ಚರ್ಯವೂ ಇಲ್ಲದೆ, "ಸೈಡ್‌ಲಾಕು ಎಷ್ಟುದ್ದ ಬುಡ್ಲಿ ಸ್ವಾಮಿ?" ಎಂದ.

"ಏನೂ ಬಿಡಬೇಡ."

"ಈಗೆಲ್ಲ ಉದ್ದಾನೇ ಬುಡ್ತಾರೆ" ಎಂದು ಬೇಸರದಿಂದ ಮಶೀನು ಆಡಿಸಿದ.

ಮನೆಗೆ ತಂದರೆ ಸೀನು ಎರಡರಷ್ಟಾಯಿತು. ಮತ್ತೆ ಮಂಡ್ಯ. ಈ ಸಲ ಪೂರ್ತಿ ಕೇಳಿಸಿಕೊಂಡೆ. ಕೂದಲಿಗಿಂತ ಹೆಚ್ಚಾಗಿ ಸೀನು ಬರಿಸುವುದು ನಾಯಿಯ ಜೊಲ್ಲು ಮತ್ತು ಚರ್ಮದ ಹೊಟ್ಟಂತೆ. ನಾನು ಬೋಳಿಸಿ ಆ ಹೊಟ್ಟಿಗೆ ದಾರಿ ಮಾಡಿಕೊಟ್ಟಿದ್ದೆ. ನಾಯಿಯನ್ನು ಹಿಂದಕ್ಕೆ ಕೊಡುವ ದಿನ ಹೆಂಡತಿ ಸೀನುತ್ತಲೇ ಅತ್ತಳು. ಯಾವುದು ಅಲರ್ಜಿಯ ನೀರು, ಯಾವುದು ದುಃಖದ ನೀರು ಎಂದು ಹೇಳುವಂತಿರಲಿಲ್ಲ.

ಮಳವಳ್ಳಿಯ ಮೇಷ್ಟ್ರು ಬಾಗಿಲಲ್ಲಿ ನಿಂತು ನಾಯಿಯ ಬೋಳು ಬೆನ್ನು ಸವರಿ ನೋಡಿದರು. ಆಮೇಲೆ ನಿಧಾನವಾಗಿ, "ನೀವು ತಿರುಪತಿಗೆ ಹೋಗಿದ್ದು ಸರಿ ಡಾಕ್ಟ್ರೇ. ಇದಕ್ಕ್ಯಾಕೆ ಮುಡಿ ಕೊಡಿಸಿದ್ರಿ?" ಎಂದರು.

ನಾಯಿ ನೋಡುವ ಶಾಸ್ತ್ರ

ಒಬ್ಬೊಬ್ಬರಿಗೆ ಒಂದು ನಾಯಿ ಒಗ್ಗದಿದ್ದರೂ ಇನ್ನೊಂದು ಒಗ್ಗಬಹುದು, ಮೊದಲು ಹತ್ತಿರ ಕೂತು ನೋಡಿ ಎಂದು ಮಂಡ್ಯದ ಡಾಕ್ಟರು ಹೇಳಿದ್ದರು. ಗೆಜ್ಜಲಗೆರೆಯಲ್ಲಿ ಮಿಲಿಟರಿಯಿಂದ ನಿವೃತ್ತರಾದ ಸುಬೇದಾರರೊಬ್ಬರ ಮನೆಯಲ್ಲಿ ಒಂದು ಡಾಬರ್‌ಮನ್ ಇತ್ತು, ಒಗ್ಗಿದರೆ ಕೊಡುತ್ತೇನೆ ಎಂದಿದ್ದರು. ನುಣುಪು ಮೈ, ಬೆರಳಿಗೆ ಸಿಗದಷ್ಟು ಗಿಡ್ಡ ಕೂದಲು. ಈ ಸಲ ಗುರಿ ತಪ್ಪುವುದಿಲ್ಲ ಎನ್ನಿಸಿತು.

ಹೆಣ್ಣು ನೋಡಲು ಹೋದ ಹಾಗೇ ಆಯಿತು. ಚಾಪೆ ಹಾಸಿದರು. ಉಪ್ಪಿಟ್ಟು, ಕಾಫಿ ಬಂತು. ನಾಯಿಯನ್ನು ಮೈ ತೊಳೆದು, ಹೊಸ ಬೆಲ್ಟು ಹಾಕಿ ಒಳಗಿನಿಂದ ಕರೆತಂದು ನನ್ನ ಹೆಂಡತಿಯ ಪಕ್ಕ ಕೂರಿಸಿದರು. ಎಲ್ಲರೂ ಅವಳ ಮೂಗನ್ನೇ ನೋಡುತ್ತ ಕೂತೆವು. ಹತ್ತು ನಿಮಿಷ ಏನೂ ಆಗಲಿಲ್ಲ. ನಾನು ಗೆದ್ದೆ ಎಂದು ಉಪ್ಪಿಟ್ಟಿಗೆ ಕೈ ಹಾಕುವಷ್ಟರಲ್ಲಿ ಅವಳು ಒಂದು ಸೀನು ಸೀನಿದಳು.

ಮೂಲೆಯಲ್ಲಿ ಕೂತಿದ್ದ ಸುಬೇದಾರರ ತಾಯಿ ಅಲರ್ಜಿಯ ಕಥೆ ತಿಳಿಯದವರು. "ಒಂಟಿ ಸೀನು ಒಳ್ಳೇದಲ್ಲ ಕಣಮ್ಮ. ಇನ್ನೊಂದು ಸೀನ್ಬುಡು" ಎಂದರು.

ಅವಳು ಸೀನಿದಳು. ಆಮೇಲೆ ನಿಲ್ಲಿಸಲು ಯಾರಿಂದಲೂ ಆಗಲಿಲ್ಲ. ನಾನು ಅವಳನ್ನು ಎಬ್ಬಿಸಿಕೊಂಡು ಗೇಟು ದಾಟುತ್ತಿದ್ದರೆ ಹಿಂದಿನಿಂದ ಅಜ್ಜಿ ಬೆರಳು ಮಡಿಸುತ್ತ ಕೂಗಿದರು: "ಒಂಬತ್ತಾಯ್ತು ಕಣಪ್ಪ, ಇನ್ನೊಂದಾಗ್ಲಿ ತಡಿ. ಸರಿ ಸೀನಾದ್ರೆ ಕಾರ್ಯ ಕೂಡ್ತದೆ."

ಜಾತಿ

ಚಿಕ್ಕರಸಿನಕೆರೆಯ ರೈತನೊಬ್ಬನ ಹಸುವಿಗೆ ಹೆರಿಗೆ ಕಷ್ಟವಾದಾಗ ನಾನು ಕರು ತೆಗೆದುಕೊಟ್ಟಿದ್ದೆ. ನಮ್ಮ ಕಥೆ ಕೇಳಿದ ಅವನು ಒಂದು ದಿನ ಕೆಂಚು ಬಣ್ಣದ ನಾಯಿಯೊಂದನ್ನು ಹಗ್ಗ ಹಿಡಿದು ತಂದ.

"ಅಮ್ಮೋರೇ, ಇದು ಒಳೀಕೆ ಬರಾಕಿಲ್ಲ. ಒಸ್ಲು ದಾಟುದ್ರೆ ನಮ್ಮವ್ವ ಪೊರ್ಕೇಲಿ ಬಾರುಸ್ತಿದ್ಲು. ಬುದ್ಧಿ ಕಲ್ತದೆ" ಎಂದ.

ಮಾತು ನಿಜವಾಯಿತು. ನಾಯಿ ಅಂಗಳದ ಹೊಂಗೆ ಮರದ ಕೆಳಗೆ ಮಲಗುತ್ತಿತ್ತು. ಹೆಂಡತಿ ದೂರದಿಂದಲೇ ಮುದ್ದೆ ಹಾಕಿ, ದೂರದಿಂದಲೇ ಮಾತಾಡಿಸುತ್ತಿದ್ದಳು. ಸೀನು ನಿಂತಿತು, ಭಯವೂ ಹೋಯಿತು. ಕಳ್ಳರು ಬಂದರೋ ಇಲ್ಲವೋ ತಿಳಿಯದು, ನನ್ನನ್ನಂತೂ ಅದು ಒಂದು ತಿಂಗಳು ಗೇಟಿನಲ್ಲೇ ನಿಲ್ಲಿಸಿ ವಿಚಾರಣೆ ಮಾಡಿತು.

ಅಷ್ಟು ಪುಸ್ತಕ ಓದಿಯೂ ನನಗೆ ಸಿಗದ ನಾಯಿ ಇದು. "ಯಾವ ಜಾತಿಯಪ್ಪ ಇದು?" ಎಂದು ರೈತನನ್ನು ಕೇಳಿದೆ.

ಅವನು ನನ್ನನ್ನು ಮರುಕದಿಂದ ನೋಡಿ, "ನಾಯಿ ಜಾತಿ ಸ್ವಾಮಿ" ಎಂದ.

ವಂಶಾವಳಿ

ಆಸ್ಪತ್ರೆ ತನಿಖೆಗೆಂದು ಬೆಂಗಳೂರಿನಿಂದ ನಮ್ಮ ಮೇಲಧಿಕಾರಿ ಬಂದರು. ಊಟ ನಮ್ಮ ಮನೆಯಲ್ಲಿ. ಮಾತಿನ ಮಧ್ಯೆ ತಮ್ಮ ಹೆಂಡತಿಗೂ ನಾಯಿ ಕಂಡರೆ ಸೀನು ಬರುತ್ತದೆ ಎಂದರು. ಬಡಿಸಲು ಕೈಜೋಡಿಸಿದ್ದ ನನ್ನ ಕಾಂಪೌಂಡರು ತಕ್ಷಣ ಕಿಟಕಿಯಾಚೆ ಕೈ ತೋರಿಸಿ, "ಆ ನಾಯಿಯಿಂದ ಯಾರಿಗೂ ಸೀನೇ ಬರಲ್ಲ ಸಾರ್. ಚಿಕ್ಕರಸಿನಕೆರೆ ಹೌಂಡ್" ಎಂದ.

ಅಧಿಕಾರಿಗಳು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. "ಓದಿದ್ದೇನೆ, ಓದಿದ್ದೇನೆ. ತುಂಬ ಅಪರೂಪದ ತಳಿ. ನನಗೊಂದು ಮರಿ ಬೇಕಲ್ಲ?"

ನನ್ನ ಬಡ್ತಿಯ ಕಾನ್ಫಿಡೆನ್ಷಿಯಲ್ ರಿಪೋರ್ಟು ಬರೆಯುವ ಕೈ ಅವರದು. ಓದಿದ್ದೇನೆ ಎಂದವರಿಗೆ ಇಲ್ಲ ಎನ್ನುವುದು ಹೇಗೆ? "ಮನೆಯೊಳಗೆ ಮಾತ್ರ ಬಿಡಬಾರದು ಸಾರ್" ಎಂದಷ್ಟೇ ಹೇಳಿ ಸಾರು ಬಡಿಸಿದೆ. ರೈತ ಅದೇ ತಾಯಿಯ ಇನ್ನೊಂದು ಮರಿ ತಂದುಕೊಟ್ಟ. ಅದು ಬೆಂಗಳೂರು ಸೇರಿತು.

ಎರಡು ತಿಂಗಳ ಮೇಲೆ ಪತ್ರ ಬಂತು. ಮನೆಯವರಿಗೆ ಒಂದು ಸೀನೂ ಇಲ್ಲ, ತಳಿ ಅತ್ಯುತ್ತಮ, ನಾಯಿ ಪ್ರದರ್ಶನದಲ್ಲಿ ಇಡಬೇಕೆಂದಿದ್ದೇನೆ, ಕೂಡಲೇ ತಂದೆತಾಯಿಗಳ ವಂಶಾವಳಿ ಕಳಿಸಿ.

ಪತ್ರ ಹಿಡಿದುಕೊಂಡು ಚಿಕ್ಕರಸಿನಕೆರೆಗೆ ಹೋಗಿ ರೈತನಿಗೆ ಓದಿ ಹೇಳಿದೆ. ಅವನು ಜಗಲಿಯ ಮೇಲೆ ಕೂತು, ಗಂಭೀರವಾಗಿ ಯೋಚನೆ ಮಾಡಿ, ದನಿ ತಗ್ಗಿಸಿ ಹೇಳಿದ:

"ಅವ್ವ ನಮ್ಮನೇದೇ, ಎಲ್ಲಿ ಬೇಕಾದ್ರೂ ಎಬ್ಬೆಟ್ಟು ಒತ್ತೀನಿ ಸ್ವಾಮಿ. ಅಪ್ಪ ಯಾರು ಅಂತ ಮಾತ್ರ ಕೇಳ್ಬೇಡಿ. ಊರೆಲ್ಲ ಪಂಚಾಯ್ತಿ ಸೇರುಸ್ಬೇಕಾಯ್ತದೆ."