ಅರಕೇರಿಗೆ ಹೋದ ಪುಸ್ತಕ

"ಅರಕೇರಿಗೆ ಹೋಗೇತಿ" ಎಂದ ಗ್ರಂಥಪಾಲ ಗುರುಪಾದಯ್ಯ, ರಜಿಸ್ಟರಿನಿಂದ ತಲೆ ಕೂಡ ಎತ್ತದೆ.

ಇಸಾಕನ ಪಿತ್ತ ನೆತ್ತಿಗೇರಿತು. ನಾಳೆ ಬೆಳಿಗ್ಗೆ ಬಿ.ಎ. ಅರ್ಥಶಾಸ್ತ್ರದ ಪರೀಕ್ಷೆ. ಎಂಬತ್ತು ಹುಡುಗರಿಗೆ ಇಡೀ ಕಾಲೇಜಿನಲ್ಲಿ ಇರುವುದು ಒಂದೇ ಪುಸ್ತಕ, ಅದೂ ಊರು ತಿರುಗಲು ಹೋಗಿದೆಯಂತೆ! ಹೋದ ವರ್ಷ ಇದೇ ವಿಷಯದಲ್ಲಿ ಅವನು ಡುಮ್ಕಿ ಹೊಡೆದಿದ್ದ. ಈ ಸಲವೂ ಹೊಡೆದರೆ ನಮ್ಮೂರು ಹೊನವಾಡದಿಂದ ಕಾಲೇಜಿಗೆ ಬಸ್ಸು ಹತ್ತುವುದೇ ಬೇಡ, ತಿಕೋಟಿ ಸಂತೆಯಲ್ಲಿ ನನ್ನ ಬಳೆ ಮಲಾರ ಹೊತ್ತುಕೋ ಎಂದು ಅಪ್ಪ ಲಾಡಲೇಸಾಬ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ.

"ಎಂದ ಬರ್ತೈತ್ರಿ ಸರ್?"

"ಒಯ್ದವರು ತಂದಾಗ ಬರ್ತೈತಿ. ದನಿ ಸಣ್ಣ ಮಾಡು ತಮ್ಮಾ, ಇದು ಗ್ರಂಥಾಲಯ."

ಇಸಾಕ ಹಲ್ಲು ಕಡಿಯುತ್ತ ಹೊರಬಿದ್ದ. ಜೋರಾಪುರ ಪೇಟೆಯ ಬುಡ್ಡೇಸಾಬನ ಅಂಗಡಿಯಿಂದ ಬಾಡಿಗೆ ಸೈಕಲ್ಲು ಎತ್ತಿಕೊಂಡು ಅರಕೇರಿಯ ದಾರಿ ಹಿಡಿದ. ರಣಬಿಸಿಲು. ಎರಡು ಸಲ ಚೈನು ಕಳಚಿತು. ಎರಡು ಸಲವೂ ಅವನು ಬೈದದ್ದು ಗುರುಪಾದಯ್ಯನಿಗೆ.

ಅರಕೇರಿಯ ಕಟ್ಟೆಯ ಮುಂದೆ ಇಳಿದವನು ಕಂಕುಳಲ್ಲಿದ್ದ ವಹಿ ತೆರೆದು, ಜೇಬಿನ ಪೆನ್ನು ಕೈಗೆ ತೆಗೆದುಕೊಂಡು, ಪುಸ್ತಕ ಒಯ್ದವನು ಈ ಊರಿನ ಯಾರೋ ಕಾಲೇಜು ಹುಡುಗನೇ ಇರಬೇಕೆಂದುಕೊಂಡು, ಅಲ್ಲಿ ಕೂತವರನ್ನು ಸಿಟ್ಟಿನ ದನಿಯಲ್ಲೇ ಕೇಳಿದ: "ನಿಮ್ಮೂರಾಗ ಹರೇದ ಗಂಡಸರು ಎಷ್ಟ ಮಂದಿ ಅದಾರ್ರಿ? ಮನಿ ತೋರಸ್ರಿ!"

ಕೇಳಬಾರದ್ದನ್ನು ಕೇಳಿದ್ದ. ಅದು ಎಪ್ಪತ್ತಾರನೆಯ ಇಸವಿ. ಮಕ್ಕಳಾಗದಂತೆ ಆಪರೇಶನ್ ಮಾಡಲು ಗಂಡಸರನ್ನು ಹಿಡಿದು ಒಯ್ಯುತ್ತಾರೆಂದು ಹಳ್ಳಿಹಳ್ಳಿಗೂ ಗುಲ್ಲು ಹಬ್ಬಿದ ಕಾಲ. ಕಣ್ಣು ಮಿಟುಕಿಸುವುದರಲ್ಲಿ ಕಟ್ಟೆ ಖಾಲಿ! ಮೊಣಕಾಲು ನೋವಿನ ಅಮರಪ್ಪನೊಬ್ಬ ಓಡಲಾಗದೆ ಕೈ ಮುಗಿದ.

"ಸಾಹೇಬ್ರ, ನನಗ ಅರವತ್ತು ದಾಟ್ಯಾವ್ರಿ. ನಮ್ಮ ತಮ್ಮ ಬಸಗೊಂಡಪ್ಪನ್ನ ಒಯ್ರಿ, ಅಲ್ಲೇ ಬಣವಿ ಹಿಂದ ಅಡಗ್ಯಾನ!"

"ಪುಸ್ತಕ ಹುಡುಕಾಕತ್ತೇನ್ರಿ ಯಪ್ಪಾ, ಪುಸ್ತಕ! ಅರಕೇರಿಗೆ ಹೋಗೇತಿ ಅಂತ ರಜಿಸ್ಟರದಾಗ ಐತಿ!"

ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ಮುದುಕಿ ಕಾಳವ್ವ ಮೊರ ಕೆಳಗಿಟ್ಟು ನಕ್ಕಳು. "ಏ ಹುಚ್ಚಪ್ಪಾ, ಅದು ಯಾರದೋ ಅಡ್ಡೆಸರು ಇರಬೇಕು. ಊರು ಬಿಟ್ಟು ಹೋದವರಿಗೆ ಊರ ಹೆಸರು ಅಂಟ್ಕೊಂತೈತಿ. ಅರಕೇರಿ ಅನ್ನಾಂವ ಅರಕೇರ್ಯಾಗ ಯಾಕ ಇರ್ತಾನ?"

ಇಸಾಕನಿಗೆ ಮೈ ಪರಚಿಕೊಳ್ಳುವಂತಾಯಿತು. ತನ್ನ ಮೇಲೆ ಸಿಟ್ಟು, ಗುರುಪಾದಯ್ಯನ ಮೇಲೆ ಅದರ ಹತ್ತುಪಟ್ಟು. ಅದೇ ಸಿಟ್ಟಿನಲ್ಲಿ ಪೆಡಲು ತುಳಿದು ಗ್ರಂಥಾಲಯಕ್ಕೆ ನುಗ್ಗಿದ.

"ಅರಕೇರಿ ಅಂದ್ರ ಯಾರ್ರಿ?"

"ಸೋಮವಾರ ಬಂದ ಹೊಸಾ ಲೆಕ್ಚರರು. ನೀ ಅತ್ಲಾಗ ಹೋದಿ, ಅವರು ಇತ್ಲಾಗ ತಂದು ಕೊಟ್ರು. ಇಲ್ಲೇ ಐತಲ್ಲ!" ಎಂದು ಗುರುಪಾದಯ್ಯ ಪುಸ್ತಕದ ಮೇಲೆ ಮೊಣಕೈ ಊರಿ, ಒಂದು ಹಾಳೆ ಮುಂದೆ ತಳ್ಳಿದ. "ವಿಶ್ವವಿದ್ಯಾಲಯದ ಕಮಿಟಿ ಒಳಗ ಕುಂತೈತಿ. ಮೊದಲ ಇದನ್ನ ತುಂಬು. ಚಲೋ ಬರದ್ರ ಪುಸ್ತಕ."

'ಬೇಕಾದ ಪುಸ್ತಕಗಳು ಸಾಕಷ್ಟು ಪ್ರತಿ ಸಿಗುತ್ತವೆಯೆ? ನಿಮಗೆ ತೃಪ್ತಿ ಇದೆಯೆ?' ಎಂದಿತ್ತು ಹಾಳೆಯಲ್ಲಿ.

ತೃಪ್ತಿಯಂತೆ, ತೃಪ್ತಿ! ಬರೆಯಬೇಕಾದ ಬೈಗುಳಗಳೆಲ್ಲ ನಾಲಿಗೆಯ ತುದಿಗೆ ಬಂದು ನಿಂತಿದ್ದವು. ಆದರೆ ಬಳೆ ಮಲಾರ ಕಣ್ಣ ಮುಂದೆ ಬಂತು. 'ಧಾರಾಳವಾಗಿ ಸಿಗುತ್ತವೆ. ಸಂಪೂರ್ಣ ತೃಪ್ತಿ ಇದೆ' ಎಂದು ಗೀಚಿ ಸಹಿ ಒಗೆದ. ಹಾಳೆ ಒಳಗೆ ಹೋಯಿತು, ಪುಸ್ತಕ ಕೈಗೆ ಬಂತು.

ಬಾಗಿಲು ದಾಟುವಷ್ಟರಲ್ಲಿ ಕಮಿಟಿಯ ಅಧ್ಯಕ್ಷರು ಹಾಳೆ ಹಿಡಿದುಕೊಂಡೇ ಹೊರಬಂದರು. "ಇಸಾಕ ಅಂದ್ರ ನೀವೇನ್ರಿ? ಭಾಳ ಚಲೋ ಬರದೀರಿ!" ಎಂದವರ ಕಣ್ಣು ಪುಸ್ತಕದ ಮೇಲೆ ಬಿತ್ತು. "ಅರೆ! ಇದನ್ನ ನಾ ವರ್ಷದಿಂದ ಹುಡುಕಾಕತ್ತೇನಿ. ಕೊಡ್ರಿ ಇಲ್ಲಿ, ಮುಂದಿನ ತಿಂಗಳ ಕಳಸ್ತೀನಿ."

"ಸರ್, ನಾಳೆ ಪರೀಕ್ಷಾ ಐತ್ರಿ! ಕಾಲೇಜಿನಾಗ ಇದೊಂದ ಐತ್ರಿ!"

ಅಧ್ಯಕ್ಷರು ನಕ್ಕು ಹಾಳೆಯನ್ನು ಅವನ ಮುಖದ ಮುಂದೆ ಹಿಡಿದರು. "ಧಾರಾಳವಾಗಿ ಸಿಗುತ್ತವೆ ಅಂತ ನೀವ ಬರದೀರಲ್ಲ. ಇನ್ನೊಂದ ತಗೋರಿ."

ಇಸಾಕ ಗುರುಪಾದಯ್ಯನತ್ತ ತಿರುಗಿದ. ಆ ಮಹಾನುಭಾವ ಗಂಭೀರವಾಗಿ ರಜಿಸ್ಟರಿನಲ್ಲಿ ಏನೋ ಬರೆಯುತ್ತಿದ್ದ.

ಕಮಿಟಿಯ ಜೀಪು ಹೊರಟಿತು. ಇಸಾಕ ಎರಡೂ ಕೈ ಎತ್ತಿ, ಬಾಯಿಗೆ ಬಂದದ್ದನ್ನೆಲ್ಲ ಕೂಗುತ್ತ ಗೇಟಿನ ತನಕ ಅದರ ಹಿಂದೆ ಓಡಿದ. ಹುಡುಗ ಬೀಳ್ಕೊಡಲು ಬಂದನೆಂದುಕೊಂಡ ಅಧ್ಯಕ್ಷರು ಪುಸ್ತಕ ಹಿಡಿದ ಕೈಯನ್ನೇ ಹೊರಗೆ ಚಾಚಿ ಪ್ರೀತಿಯಿಂದ ಬೀಸಿದರು.